ಬಾಂಗಾಯಿ ಕಾರ್ಡಿನಲ್ ಮೀನು: ಜೋಡಿ ಕೂಡಿದ ಮೇಲೆ ಮೂರನೆಯದನ್ನು ಏನು ಮಾಡಬೇಕು?

ಕೇಳಿದವರ ಮಾತು: ನಮ್ಮ ಮನೆಯ 250 ಲೀಟರಿನ ಉಪ್ಪುನೀರಿನ ತೊಟ್ಟಿಯಲ್ಲಿ ಏಳು ತಿಂಗಳಿಂದ ಮೂರು ಬಾಂಗಾಯಿ ಕಾರ್ಡಿನಲ್ ಮೀನುಗಳಿವೆ. ಆರು ತಿಂಗಳ ಕಾಲ ಒಟ್ಟಿಗೆ ಓಡಾಡುತ್ತಿದ್ದ ಇವುಗಳಲ್ಲಿ ಎರಡು ಈಗ ಸದಾ ಜೊತೆಯಲ್ಲಿದ್ದು, ಮೂರನೆಯದನ್ನು ಪಂಪಿನ ಹಿಂದಿನ ಮೂಲೆಗೆ ಅಟ್ಟಿಬಿಟ್ಟಿವೆ. ಅದರ ಬಾಲ ಹರಿದಿದೆ, ಮೂರು ದಿನದಿಂದ ಸರಿಯಾಗಿ ತಿಂದಿಲ್ಲ. ಇನ್ನೂ ಎರಡು ಮೂರು ಮೀನು ತಂದು ಬಿಟ್ಟರೆ ಜಗಳ ಹಂಚಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಗೆ ಮಾಡಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ ಒಬ್ಬರು: ದಯವಿಟ್ಟು ಹೊಸ ಮೀನು ತರಬೇಡಿ, ಮೂಲೆಯಲ್ಲಿರುವ ಮೀನನ್ನು ಇವತ್ತೇ ಬೇರೆ ಮಾಡಿ. ನಾನು ಎಂಟು ವರ್ಷದ ಹಿಂದೆ ಇದೇ ಸಲಹೆಯನ್ನು ನಂಬಿ, ನಾಲ್ಕು ಮೀನುಗಳ ತೊಟ್ಟಿಗೆ ಮತ್ತೆ ಮೂರನ್ನು ಸೇರಿಸಿ, ಎರಡು ತಿಂಗಳೊಳಗೆ ಐದನ್ನು ಕಳೆದುಕೊಂಡೆ. ಉಳಿದದ್ದು ಮೊದಲೇ ಕೂಡಿದ್ದ ಜೋಡಿ ಮಾತ್ರ. ಆ ಐದು ಮೀನುಗಳ ನೆನಪು ಈಗಲೂ ನೋಯಿಸುತ್ತದೆ, ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇಂಡೋನೇಷ್ಯಾದ ಸುಲಾವೇಸಿಯ ಪೂರ್ವಕ್ಕಿರುವ ಬಾಂಗಾಯಿ ದ್ವೀಪಗಳ ಸುತ್ತಲಿನ ಆಳವಿಲ್ಲದ ನೀರೇ ಈ ಮೀನಿನ ಮೂಲನೆಲೆ. ಅಲ್ಲಿ ಇವು ಸೀ ಅರ್ಚಿನ್ ಎಂಬ ಉದ್ದ ಮುಳ್ಳುಗಳ ದುಂಡು ಕಡಲಜೀವಿಗಳ ಮತ್ತು ಅನಿಮೋನ್ ಎಂಬ ಹೂವಿನಂಥ ಕಡಲಜೀವಿಗಳ ನಡುವೆ ಗುಂಪುಗುಂಪಾಗಿ ಬದುಕುತ್ತವೆ. ಗುಂಪಿನಲ್ಲಿ ನೋಡಿದವರು ಇವು ಸಾಧು ಮೀನುಗಳೆಂದು ತಿಳಿಯುವುದು ಸಹಜ. ಆದರೆ ಗಂಡು ಹೆಣ್ಣು ಕೂಡುವ ಹೊತ್ತಿಗೆ ಆ ಜೋಡಿ ಗುಂಪನ್ನು ಬಿಟ್ಟು ಕೆಲವು ಮೀಟರು ದೂರ ಸರಿದು, ತನ್ನ ಜಾಗಕ್ಕೆ ಬಂದ ಇತರರನ್ನು ಓಡಿಸುತ್ತದೆ. ಕಡಲಿನಲ್ಲಿ ಓಡಿದ ಮೀನಿಗೆ ಹೋಗಲು ಜಾಗವಿರುತ್ತದೆ. ನಮ್ಮ ತೊಟ್ಟಿಯಲ್ಲಿ ನಾಲ್ಕಡಿ ಓಡಿದರೆ ಗಾಜು ಅಡ್ಡ ಬರುತ್ತದೆ. ಹೀಗಾಗಿ ನೀವು ನೋಡುತ್ತಿರುವುದು ರೋಗವೂ ಅಲ್ಲ, ಆಹಾರದ ಕೊರತೆಯೂ ಅಲ್ಲ. ನಿಮ್ಮಲ್ಲಿ ಒಂದು ಜೋಡಿ ಕೂಡಿದೆ, ಅಷ್ಟೇ.

ಹಿಡಿಯುವಾಗ ಒಂದು ಎಚ್ಚರಿಕೆ. ದೀಪ ಆರಿಸಿ ಒಂದು ಗಂಟೆ ಕಳೆದ ಮೇಲೆ, ಸಣ್ಣ ಟಾರ್ಚ್ ಬೆಳಕಿನಲ್ಲಿ ಆ ಮೂರನೆಯ ಮೀನನ್ನು ಮಾತ್ರ ನಿಧಾನವಾಗಿ ಡಬ್ಬಿಯೊಳಗೆ ಸೇರಿಸಿಕೊಳ್ಳಿ. ಬಲೆ ಬೀಸಿ ಇಡೀ ತೊಟ್ಟಿಯನ್ನು ಕಲಕಬೇಡಿ, ಏಕೆಂದರೆ ಜೋಡಿಯ ಗಂಡಿನ ಬಾಯಲ್ಲಿ ಈಗಾಗಲೇ ಮೊಟ್ಟೆಗಳಿರಬಹುದು. ಈ ಜಾತಿಯಲ್ಲಿ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವವನು ತಂದೆ. ಸುಮಾರು 20 ದಿನ ಮೊಟ್ಟೆ, ಅದು ಒಡೆದ ಮೇಲೆ ಮತ್ತೆ ಹತ್ತು ದಿನದಷ್ಟು ಮರಿ, ಹೀಗೆ ಹೆಚ್ಚು ಕಡಿಮೆ ಒಂದು ತಿಂಗಳು ಅವನು ಉಣ್ಣುವುದಿಲ್ಲ. ಗದ್ದದ ಕೆಳಗೆ ಚೀಲದಂತೆ ಉಬ್ಬಿ, ಆಹಾರ ಹಾಕಿದಾಗ ಹತ್ತಿರ ಬಂದು ಬಾಯಿ ತೆರೆಯದೆ ತಿರುಗಿದರೆ ಅವನ ಬಾಯಲ್ಲಿ ಮೊಟ್ಟೆ ತುಂಬಿದೆಯೆಂದೇ ತಿಳಿಯಿರಿ. ಗಾಬರಿಯಾದ ಗಂಡು, ಅದರಲ್ಲೂ ಮೊದಲ ಸಲ ಕಾಯುತ್ತಿರುವವನು, ಮೊಟ್ಟೆಗಳನ್ನು ಉಗಿಯುವುದೂ ನುಂಗುವುದೂ ಉಂಟು.

ಬೇರೆ ಮಾಡಿದ ಮೀನಿಗೆ ಮಂಜುಗಟ್ಟಿಸಿ ಮಾರುವ ಮೈಸಿಸ್ ಎಂಬ ಪುಟ್ಟ ಸೀಗಡಿಯನ್ನು ಕರಗಿಸಿ ದಿನಕ್ಕೆ ಮೂರು ಸಲ, ಸ್ವಲ್ಪಸ್ವಲ್ಪವೇ ಕೊಡಿ. ಅವಿತುಕೊಳ್ಳಲು ಒಂದು ಪೈಪಿನ ತುಂಡಾದರೂ ಇರಲಿ. ಬಾಲ ತಾನಾಗಿಯೇ ಬೆಳೆಯುತ್ತದೆ. ಅದನ್ನು ಮತ್ತೆ ಹಳೆಯ ತೊಟ್ಟಿಗೆ ಬಿಡುವ ಆಸೆ ಮಾತ್ರ ಬೇಡ.

ಮಂಗಳೂರಿನಿಂದ ಇನ್ನೊಬ್ಬರು: ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಉಳಿದ ಎರಡು ಗಂಡು ಹೆಣ್ಣೇ ಎಂದು ಇಷ್ಟು ಬೇಗ ನಿಶ್ಚಯಿಸಬಾರದು. ಹೊರನೋಟಕ್ಕೆ ಇವುಗಳ ಲಿಂಗ ಹೇಳುವುದು ಕಷ್ಟ. ಗಂಡಿನ ದವಡೆ ಅಗಲ ಎನ್ನುತ್ತಾರೆ, ನನ್ನ ಕಣ್ಣಿಗೆ ಅದು ಎಂದೂ ಖಚಿತವಾಗಿ ಹೊಳೆದಿಲ್ಲ. ನಡವಳಿಕೆಯೇ ನಂಬಿಕೆಯ ಗುರುತು. ಹೆಣ್ಣು ಗಂಡಿನ ಪಕ್ಕಕ್ಕೆ ಬಂದು ಮೈ ನಡುಗಿಸುತ್ತದೆ, ಮತ್ತು ಬೇರೆ ಮೀನುಗಳನ್ನು ಓಡಿಸುವುದರಲ್ಲಿ ಬಹಳ ಸಲ ಅದೇ ಮುಂದು. ನಾನು ಎರಡು ವಾರ ಗಂಡೆಂದು ಭಾವಿಸಿದ್ದ ಜಗಳಗಂಟಿ ಮೀನು ಹೆಣ್ಣಾಗಿತ್ತು! ಮೂರನೆಯದನ್ನು ತೆಗೆದ ಬಳಿಕ ಉಳಿದೆರಡು ಪರಸ್ಪರ ಕಚ್ಚತೊಡಗಿದರೆ, ಅವು ಒಂದೇ ಲಿಂಗದವೆಂದು ಅನುಮಾನಿಸಿ ಅವನ್ನೂ ಬೇರ್ಪಡಿಸಿ.

ಮರಿಗಳು ಬಂದರೆ ಅವು ಹೊರಬಿದ್ದ ದಿನವೇ ತಂದೆತಾಯಿಯ ಪುಟ್ಟ ಅಚ್ಚಿನಂತಿರುತ್ತವೆ. ಇತರ ಅನೇಕ ಕಡಲ ಮೀನುಗಳ ಮರಿಗಳಂತೆ ನೀರಿನಲ್ಲಿ ತೇಲಿಹೋಗುವ ಹಂತ ಇವಕ್ಕಿಲ್ಲ, ಆದ್ದರಿಂದ ಮನೆಯಲ್ಲಿಯೇ ಸಾಕಿ ದೊಡ್ಡದು ಮಾಡಬಹುದು. ಆಗತಾನೆ ಮೊಟ್ಟೆಯೊಡೆದು ಬಂದ ಆರ್ಟೀಮಿಯಾವನ್ನು, ಅಂದರೆ ಸೀಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿಯನ್ನು, ಮೀನೆಣ್ಣೆಯಂಥ ಕೊಬ್ಬಿನಂಶದಿಂದ ಪುಷ್ಟಿಗೊಳಿಸಿ ಕೊಡಬೇಕು. ಬರಿಯ ಆರ್ಟೀಮಿಯಾ ತಿಂದ ನನ್ನ ಮೊದಲ ತಂಡದ ಮರಿಗಳು ದೀಪ ಹಾಕಿದ ಗಾಬರಿಗೇ ಸುತ್ತಿ ಬಿದ್ದು ಸತ್ತವು.

ಮೈಸೂರಿನಿಂದ ಮತ್ತೊಬ್ಬರು: ಗುಂಪಾಗಿಯೇ ನೋಡಬೇಕೆಂಬ ಆಸೆಯಿದ್ದರೆ ಮುಂದೆ ಇದೇ ಕುಟುಂಬದ ಪೈಜಾಮ ಕಾರ್ಡಿನಲ್ ಮೀನು ಸಾಕಿ. ನನ್ನಲ್ಲಿ ಐದು ಮೀನು ನಾಲ್ಕು ವರ್ಷದಿಂದ ಒಂದೇ ತೊಟ್ಟಿಯಲ್ಲಿವೆ. ಊಟದ ಹೊತ್ತಿನ ಸಣ್ಣ ತಳ್ಳಾಟ ಬಿಟ್ಟರೆ ಗಾಯವಾಗಿದ್ದನ್ನು ಕಂಡಿಲ್ಲ. ಬಾಂಗಾಯಿಯನ್ನೇ ಕೊಳ್ಳುವವರು ಸಾಕಣೆಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ಪಡೆಯಬೇಕೆಂಬುದು ನನ್ನ ವಿನಂತಿ. 2007ರಿಂದ ಇದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಜೀವಿಯಾಗಿದೆ, ಕಡಲಿನಿಂದ ಹಿಡಿದು ತಂದವುಗಳಲ್ಲಿ ಮದ್ದಿಲ್ಲದ ಇರಿಡೋವೈರಸ್ ಸೋಂಕಿನ ಭಯವೂ ಇದೆ.

ಕೇಳಿದವರ ಮಾತು: ನಿನ್ನೆ ರಾತ್ರಿ ಟಾರ್ಚ್ ಹಿಡಿದು ಮೂರನೆಯದನ್ನು ಬೇರೆ ತೊಟ್ಟಿಗೆ ತಂದೆ. ಇಂದು ಬೆಳಗ್ಗೆ ಅದು ನಾಲ್ಕು ಮೈಸಿಸ್ ತಿಂದಿತು. ಜೋಡಿಯಲ್ಲಿ ಒಂದು ಮೀನು ಆಹಾರದ ಹತ್ತಿರ ಬಂದು ಬಾಯಿ ತೆರೆಯದೆ ಹಿಂದಿರುಗಿದೆ. ಗದ್ದ ಉಬ್ಬಿದೆಯೇ ಎಂದು ಸಂಜೆ ಗಮನಿಸಿ ಬರೆಯುತ್ತೇನೆ.