ರಸಪ್ರಶ್ನೆ ಲೀಗಿನಲ್ಲಿ ಉತ್ತರದ ತಕರಾರು: ತೀರ್ಪು ಯಾರದು, ಎಷ್ಟು ಹೊತ್ತಿನೊಳಗೆ?

ಪ್ರಶ್ನೆ: ಸಂಚಾಲಕ, ಬದಿಯಡ್ಕ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಎಂಟು ವಾಚನಾಲಯಗಳ ತಂಡಗಳು ತಿಂಗಳಿಗೊಮ್ಮೆ ಸೇರಿ ಆಡುವ ನಮ್ಮ ಕನ್ನಡ ರಸಪ್ರಶ್ನೆ ಲೀಗಿನಲ್ಲಿ ಕಳೆದ ಪಂದ್ಯ ಮನಸ್ತಾಪದಲ್ಲಿ ಮುಗಿಯಿತು. ‘ಕರ್ನಾಟಕದ ಮೊದಲ ರಾಷ್ಟ್ರಕವಿ ಯಾರು?’ ಎಂಬ ಪ್ರಶ್ನೆಗೆ ಒಂದು ತಂಡ ಕುವೆಂಪು ಎಂದಿತು. ಕ್ವಿಜ್ ಮಾಸ್ಟರ್ ಅದು ತಪ್ಪೆಂದು ಪ್ರಶ್ನೆಯನ್ನು ಪಕ್ಕದ ತಂಡಕ್ಕೆ ದಾಟಿಸಿದರು. ಆ ತಂಡ ಮಂಜೇಶ್ವರ ಗೋವಿಂದ ಪೈ ಎಂದು ಹತ್ತು ಅಂಕ ಪಡೆಯಿತು. ಪೈಗಳಿಗೆ 1949ರಲ್ಲಿ ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ, ಅವರು ಬಾಳಿದ ಮಂಜೇಶ್ವರ 1956ರಲ್ಲಿ ಕೇರಳಕ್ಕೆ ಸೇರಿತು, ಆದುದರಿಂದ ‘ಕರ್ನಾಟಕದ’ ಎಂಬ ಮಾತಿಗೆ ಹೊಂದುವವರು ಕುವೆಂಪು ಎಂಬುದು ಮೊದಲ ತಂಡದ ವಾದ. ಸೋಲು–ಗೆಲುವಿನ ಅಂತರ ಐದೇ ಅಂಕದ್ದು. ಆದರೆ ತಕರಾರು ಎದ್ದದ್ದು ಪಂದ್ಯ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಫಲಿತಾಂಶ ವಾಟ್ಸಾಪ್ ಗುಂಪಿಗೆ ಹೋದ ಮೇಲೆ. ನಮ್ಮ ನಿಯಮಾವಳಿಯಲ್ಲಿ ಈ ಬಗ್ಗೆ ಇರುವುದು ‘ಕ್ವಿಜ್ ಮಾಸ್ಟರರ ತೀರ್ಮಾನವೇ ಅಂತಿಮ’ ಎಂಬ ಒಂದೇ ಸಾಲು. ಅಷ್ಟು ಸಾಕೆ?

ಉತ್ತರ 1: ಕ್ವಿಜ್ ಮಾಸ್ಟರ್, ಮಂಜೇಶ್ವರ

ತಪ್ಪು ಉತ್ತರದಲ್ಲಲ್ಲ, ಪ್ರಶ್ನೆಯ ವಾಕ್ಯದಲ್ಲಿದೆ. ‘ಕನ್ನಡದ ಮೊದಲ ರಾಷ್ಟ್ರಕವಿ’ ಎಂದು ಕೇಳಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಕನ್ನಡವನ್ನೂ ಕರ್ನಾಟಕವನ್ನೂ ಒಂದೇ ಎಂದು ಎಣಿಸುವ ಅಜಾಗ್ರತೆ ಬೆಂಗಳೂರಿನಲ್ಲಿ ನಡೆದೀತು, ಕಾಸರಗೋಡಿನ ಚಂದ್ರಗಿರಿ ಹೊಳೆಯ ದಡದಲ್ಲಿ ನಡೆಯಲಾರದು. ಹಾಗೆಂದು ಆಕ್ಷೇಪ ಎತ್ತಿದ ತಂಡದ ವಾದವೂ ಗಟ್ಟಿಯಲ್ಲ. ಕುವೆಂಪು ಅವರಿಗೆ 1964ರಲ್ಲಿ ಬಿರುದು ಬಂದಾಗ ಆ ರಾಜ್ಯದ ಹೆಸರು ಮೈಸೂರು. ಕರ್ನಾಟಕವೆಂದಾದದ್ದು 1973ರ ನವೆಂಬರ್ 1ರಂದು. ಅಕ್ಷರಕ್ಕೆ ಅಕ್ಷರ ಹಿಡಿದು ಹೊರಟರೆ 2006ರಲ್ಲಿ ಬಿರುದು ಪಡೆದ ಜಿ.ಎಸ್. ಶಿವರುದ್ರಪ್ಪನವರೇ ‘ಮೊದಲಿಗ’ರಾಗುತ್ತಾರೆ, ಅದನ್ನು ಎರಡು ತಂಡಗಳೂ ಒಪ್ಪಲಾರವು!

ನಾನು ಪ್ರಶ್ನೆಗಳನ್ನು ಪಂದ್ಯಕ್ಕೆ ಮೂರು ದಿನ ಮೊದಲು ಲೀಗಿನಲ್ಲಿ ಆಡದ ಒಬ್ಬ ಸ್ನೇಹಿತರಿಗೆ ಕೊಟ್ಟು, ‘ಬೇರೆ ಯಾವ ಉತ್ತರ ಬಂದೀತು’ ಎಂದು ಮಾತ್ರ ಕೇಳುತ್ತೇನೆ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಸ್ಥಾಪನೆಯಾದ ವರ್ಷ ಯಾವುದೆಂದು ನಾನು ಬರೆದಿದ್ದಾಗ ಅವರೇ ತಡೆದರು. ಮದ್ರಾಸ್ ಸರಕಾರ ಇಲ್ಲಿ ತೆಂಗು ಸಂಶೋಧನಾ ಕೇಂದ್ರ ತೆರೆದದ್ದು 1916ರಲ್ಲಿ, ಅದು ಈಗಿನ ಹೆಸರಿನ ಸಂಸ್ಥೆಯಾದದ್ದು 1970ರಲ್ಲಿ; ಎರಡನ್ನೂ ಸರಿಯೆನ್ನಬಹುದು. ಹಳೆಯ ಕೈಪಿಡಿಗಳನ್ನು ನಂಬಿ ಕೇಳುವ ಪ್ರಶ್ನೆಗಳೂ ಇದೇ ಜಾತಿಯವು. ಕಾಸರಗೋಡು ಜಿಲ್ಲೆಗೆ ಎರಡು ತಾಲೂಕುಗಳೆಂದು ಅವುಗಳಲ್ಲಿ ಇನ್ನೂ ಇದೆ, ಈಗ ಇರುವುದು ನಾಲ್ಕು. ಶನಿಗ್ರಹದ ಉಪಗ್ರಹಗಳ ಸಂಖ್ಯೆ 2025ರ ಮಾರ್ಚಿನಲ್ಲಿ ಒಂದೇ ಸಲಕ್ಕೆ 274ಕ್ಕೆ ಏರಿತು. ಇಂತಹವನ್ನು ಕೇಳಲೇಬೇಕೆಂದಿದ್ದರೆ ‘ಇಂತಹ ದಿನಾಂಕದವರೆಗಿನ ಮಾಹಿತಿಯಂತೆ’ ಎಂದು ಪ್ರಶ್ನೆಯಲ್ಲೇ ಸೇರಿಸುವುದು ಒಳ್ಳೆಯದು.

ಉತ್ತರ 2: ಹಳೆಯ ಆಟಗಾರ, ಕುಂಬಳೆ

ಮಾಷ್ಟ್ರು ಹೇಳಿದ್ದು ಸರಿ, ಆದರೆ ಎಷ್ಟು ಜಾಗ್ರತೆ ವಹಿಸಿದರೂ ತಕರಾರು ಬಂದೇ ಬರುತ್ತದೆ. ಬಂದಾಗ ಏನು ಮಾಡಬೇಕೆಂಬುದಲ್ಲವೇ ಸಂಚಾಲಕರ ಪ್ರಶ್ನೆ? ಉತ್ತರ ತಪ್ಪಾದರೆ ಪ್ರಶ್ನೆ ಪಕ್ಕದ ತಂಡಕ್ಕೆ ದಾಟುವ ಬೌನ್ಸ್ ಪದ್ಧತಿಯಲ್ಲಿ ತಡವಾಗಿ ಬಂದ ಆಕ್ಷೇಪಕ್ಕೆ ನ್ಯಾಯ ಒದಗಿಸಲು ಸಾಧ್ಯವೇ ಇಲ್ಲ. ಒಂದು ತಂಡ ಉತ್ತರಿಸಿದರೆ ಮುಂದಿನ ಪ್ರಶ್ನೆ ಅದರ ಪಕ್ಕದ ತಂಡಕ್ಕೆ ನೇರವಾಗಿ ಹೋಗುತ್ತದೆ. ಕುವೆಂಪು ಎಂಬ ಉತ್ತರವನ್ನು ಆಗಲೇ ಒಪ್ಪಿದ್ದರೆ ಮುಂದಿನ ಪ್ರಶ್ನೆ ಎರಡನೆಯ ತಂಡಕ್ಕೆ ಬರುತ್ತಿತ್ತು. ಒಪ್ಪದ ಕಾರಣ ಅದು ಮೂರನೆಯ ತಂಡದ ಪಾಲಾಯಿತು, ಅಲ್ಲಿಂದ ಆಚೆಗೆ ಯಾರಿಗೆ ಯಾವ ಪ್ರಶ್ನೆ ಎಂಬ ಸರದಿಯೇ ಬದಲಾಯಿತು. ಪಂದ್ಯ ಮುಗಿದ ಮೇಲೆ ಹತ್ತು ಅಂಕ ಕಿತ್ತು ಹತ್ತು ಅಂಕ ಕೊಟ್ಟರೆ ತಪ್ಪಿದ ಸರದಿ ಮರಳಿ ಬರುವುದಿಲ್ಲ.

ಆದುದರಿಂದ ಮುಂದಿನ ಪ್ರಶ್ನೆ ಓದುವ ಮೊದಲು ತಂಡದ ನಾಯಕ ಮಾತ್ರ ಕೈಯೆತ್ತಿ ಆಕ್ಷೇಪ ಹೇಳಬೇಕೆಂಬ ನಿಯಮವಿರಲಿ. ಅದರ ತೀರ್ಪನ್ನು ಪ್ರಶ್ನೆ ಬರೆದವರು ಕೊಡಬಾರದು, ಯಾವ ತಂಡಕ್ಕೂ ಸೇರದ ಒಬ್ಬರು ಕೊಡಬೇಕು. ತಾನೇ ಬರೆದದ್ದು ತಪ್ಪೆಂದು ಮೈಕಿನ ಮುಂದೆ ಒಪ್ಪುವುದು ಎಂತಹ ಸಜ್ಜನರಿಗೂ ಕಷ್ಟ. ಎರಡು ನಿಮಿಷದಲ್ಲಿ ಇತ್ಯರ್ಥವಾಗದಿದ್ದರೆ ಪ್ರಶ್ನೆಯನ್ನೇ ಕೈಬಿಟ್ಟು, ಮೊದಲು ಅದು ಯಾವ ತಂಡಕ್ಕೆ ನೇರವಾಗಿ ಹೋಗಿತ್ತೋ ಅದೇ ತಂಡದಿಂದ ಮೀಸಲು ಪ್ರಶ್ನೆಯೊಂದನ್ನು ಆರಂಭಿಸಬೇಕು. ಬರೆದು ಉತ್ತರಿಸುವ ಸುತ್ತಿನಲ್ಲಿ ಸರದಿಯ ತೊಡಕಿಲ್ಲ, ಅಲ್ಲಿ ಹಾಳೆ ತಿದ್ದಿ ಮುಗಿಯುವವರೆಗೂ ಆಕ್ಷೇಪ ಕೇಳಬಹುದು.

ಉತ್ತರ 3: ಅಂಕ ಬರೆಯುವವಳು, ಪೆರ್ಲ

ನನ್ನ ಅನುಭವದಲ್ಲಿ ಅರ್ಧದಷ್ಟು ಜಗಳಗಳು ಹೆಸರಿನವು. ನಮ್ಮ ಜಿಲ್ಲೆಯ ಒಂದೇ ಊರನ್ನು ಹೊಸದುರ್ಗ ಎಂದವರಿಗೆ ಅಂಕ ಕೊಟ್ಟು ಕಾಞಂಗಾಡ್ ಎಂದವರಿಗೆ ಕೊಡದಿರುವುದು ಸರಿಯಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಒಂದು ಹೊಸದುರ್ಗ ಇದೆಯೆಂಬುದನ್ನು ಮರೆಯಬಾರದು, ಅಂತಹ ಕಡೆ ‘ಯಾವುದು?’ ಎಂದು ಒಮ್ಮೆ ಕೇಳುವ ಅವಕಾಶ ಕ್ವಿಜ್ ಮಾಸ್ಟರರಿಗೆ ಇರಬೇಕು. ನಾಯಕ ಹೇಳಿದ ಮೊದಲ ಉತ್ತರವನ್ನು ನಾನು ಇದ್ದ ಹಾಗೆಯೇ ಅಂಕಪಟ್ಟಿಯ ಬದಿಯಲ್ಲಿ ಬರೆದಿಡುತ್ತೇನೆ. ‘ನಾವು ಹಾಗೆ ಹೇಳಲೇ ಇಲ್ಲ’ ಎಂಬ ಮಾತು ಆ ಮೇಲೆ ತುಂಬ ಕಡಿಮೆಯಾಗಿದೆ.

ಸಂಚಾಲಕ, ಬದಿಯಡ್ಕ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಪಂದ್ಯದ ಫಲಿತಾಂಶವನ್ನು ಹಾಗೆಯೇ ಉಳಿಸಿಕೊಂಡು, ಪ್ರಶ್ನೆ ದೋಷಪೂರಿತವಾಗಿತ್ತೆಂದು ಲೀಗಿನ ಪರವಾಗಿ ಆಕ್ಷೇಪಿಸಿದ ತಂಡಕ್ಕೆ ಲಿಖಿತವಾಗಿ ತಿಳಿಸುತ್ತೇನೆ. ನಾಯಕ ಮಾತ್ರ ಆಕ್ಷೇಪಿಸುವ ನಿಯಮವೂ ಐದು ಮೀಸಲು ಪ್ರಶ್ನೆಗಳೂ ಮುಂದಿನ ತಿಂಗಳಿನಿಂದ ಜಾರಿಗೆ ಬರುತ್ತವೆ. ಯಾವ ತಂಡಕ್ಕೂ ಸೇರದ ತೀರ್ಪುಗಾರರನ್ನು ಹುಡುಕುವುದು ಮಾತ್ರ ಬಾಕಿ. ನಮ್ಮೂರಿನಲ್ಲಿ ಪುಸ್ತಕ ಓದುವವರೆಲ್ಲ ಯಾವುದಾದರೊಂದು ತಂಡದಲ್ಲಿದ್ದಾರೆ, ಪುತ್ತೂರಿನ ಕಡೆಯಿಂದ ಯಾರಾದರೂ ಬರುವವರಿದ್ದರೆ ದಯವಿಟ್ಟು ತಿಳಿಸಿ.