ಬಸುರಿ ಅಕ್ಕಂಗೆ 30 ವಾರ, ಬಿಪಿ ಶುಗರ್ ಎರಡೂ ಇದೆ, ಈಗ ಕೊರೊನಾ ಪಾಸಿಟಿವ್, ಯಾರಾದ್ರೂ ಹೇಳ್ರಪ್ಪ

ಗೂಡು_ಮಾರ್ಕೆಟ್:
ನಮ್ದು ಶಿಡ್ಲಘಟ್ಟ ಹತ್ರ ಹಳ್ಳಿ. ಅಕ್ಕಂಗೆ 36 ವರ್ಷ, ಎರಡನೇ ಬಸುರಿ. ಮೊದಲಿಂದ್ಲೂ ಬಿಪಿ, ನಾಲ್ಕು ವರ್ಷದಿಂದ ಶುಗರ್, ಈಗ ಎರಡು ಹೊತ್ತು ಇನ್ಸುಲಿನ್, ಬಿಪಿಗೆ ಲ್ಯಾಬೆಟಲಾಲ್, ರಾತ್ರಿ ಎಕೋಸ್ಪ್ರಿನ್ (ಆಸ್ಪಿರಿನ್). ಹೋದ ಭಾನುವಾರ ಸೀಮಂತ ಮಾಡಿದ್ವಿ, ಬಳೆ ತೊಡಿಸೋಕೆ ಬಂದ ಚಿಕ್ಕಮ್ಮ ಕೆಮ್ತಾ ಇದ್ರು, ಧೂಳಿಗೇನೋ ಅಂದ್ಕೊಂಡು ಸುಮ್ನಾದ್ವಿ, ಬುಧವಾರದಿಂದ ಅಕ್ಕಂಗೆ ಜ್ವರ ಗಂಟಲು ನೋವು, ನಿನ್ನೆ ಪಾಸಿಟಿವ್ ಬಂತು. ಯಾವಾಗ್ಲೂ ತೋರಿಸೋ ನರ್ಸಿಂಗ್ ಹೋಮ್‌ಗೆ ಫೋನ್ ಮಾಡಿದ್ರೆ ನೆಗೆಟಿವ್ ಆದ್ಮೇಲೆ ಬನ್ನಿ ಅಂತ ಇಟ್ಬಿಟ್ರು. ಲಸಿಕೆ ಒಂದು ಡೋಸ್ ಆಗಿದೆ, ಬಸುರಿ ಅಂತ ಗೊತ್ತಾದ್ಮೇಲೆ ಎರಡನೇದು ಭಯಕ್ಕೆ ಬಿಟ್ವಿ. ಅಕ್ಕನ ಅತ್ತೆ ಇಷ್ಟೊಂದು ಮಾತ್ರೆ ಮಗೂಗೆ ಹೀಟು ಅಂತ ನಿನ್ನೆಯಿಂದ ಇನ್ಸುಲಿನ್ ಸಮೇತ ಎಲ್ಲಾ ನಿಲ್ಸಿ ಶುಂಠಿ ಮೆಣಸು ಬೆಲ್ಲದ ಕಷಾಯ ಕುಡಿಸ್ತಿದ್ದಾರೆ. ಆಕ್ಸಿಮೀಟರ್ ಒಂದ್ಸಲ 97, ಒಂದ್ಸಲ 91. ಯಾವುದು ನಂಬೋದು?

ನೈಟ್_ಡ್ಯೂಟಿ:
ಕೋಲಾರದಲ್ಲಿ ಹೆರಿಗೆ ವಾರ್ಡ್ ನರ್ಸ್ ನಾನು. ಮೊದ್ಲು ಆ ಇನ್ಸುಲಿನ್ ವಿಷಯ, ಡಾಕ್ಟರ್ ಹೇಳ್ದೆ ಯಾವ ಮಾತ್ರೇನೂ ನಿಲ್ಲಿಸೋ ಹಾಗಿಲ್ಲ. ಜ್ವರ ಬಂದಾಗ ಶುಗರ್ ತಾನಾಗೇ ಏರುತ್ತೆ, ನೀವು ಇನ್ಸುಲಿನ್ ನಿಲ್ಸಿ ಮೇಲೆ ಬೆಲ್ಲ ಬೇರೆ ಕೊಡ್ತಿದ್ದೀರ! ಈಗ್ಲೇ ಗ್ಲೂಕೋಮೀಟರ್‌ನಲ್ಲಿ ನೋಡಿ, ಊಟ ಸೇರ್ತಿಲ್ಲ ವಾಂತಿ ಅಂದ್ರೆ ಅದನ್ನೂ ಹೇಳಿ ಡಾಕ್ಟರ್ ಹತ್ರ ಡೋಸ್ ಕೇಳಿ, ನೀವೇ ಕಮ್ಮಿ ಜಾಸ್ತಿ ಮಾಡ್ಬೇಡಿ.

ಸೀಮಂತ ಅಂದ್ರಲ್ಲ, ಉಗುರಿಗೆ ಬಣ್ಣ ಹಚ್ಚಿದ್ದಾರಾ? ಅದಿದ್ರೂ ಬೆರಳು ತಣ್ಣಗಿದ್ರೂ ತಪ್ಪು ತೋರಿಸುತ್ತೆ. ಬಣ್ಣ ತೆಗ್ದು ಕೈ ಉಜ್ಜಿ ಬೆಚ್ಚಗೆ ಮಾಡಿ ಕೂರಿಸಿ ಒಂದು ನಿಮಿಷ ಅಲ್ಲಾಡ್ದೆ ಇಟ್ಟು ನೋಡಿ. ಬಸುರಿಗೆ 95ಕ್ಕಿಂತ ಕೆಳಗೆ ಬಂದ್ರೆ ಮನೇಲಿ ಕಾಯೋ ಮಾತೇ ಇಲ್ಲ, ಗರ್ಭ ಮೇಲಕ್ಕೆ ಒತ್ತೋದ್ರಿಂದ ಶ್ವಾಸಕೋಶಕ್ಕೆ ಮೊದ್ಲೇ ಜಾಗ ಕಮ್ಮಿ, ಮಗೂಗೂ ಆಕ್ಸಿಜನ್ ಅಲ್ಲಿಂದ್ಲೇ ಹೋಗ್ಬೇಕು. ಬಸುರಿ ಅಲ್ದೋರಿಗಿಂತ ಬಸುರಿಯರಿಗೆ ಐಸಿಯು ವೆಂಟಿಲೇಟರ್ ರಿಸ್ಕ್ ಜಾಸ್ತಿ, ಬಿಪಿ ಶುಗರ್ ಇದ್ದು ವಯಸ್ಸು 35 ದಾಟಿದ್ರೆ ಇನ್ನೂ ಜಾಸ್ತಿ. ಕೊರೊನಾ ಬಂದ ಬಸುರಿಯರಲ್ಲಿ ಬಿಪಿ ಏರಿ ಗರ್ಭದ ನಂಜಾಗೋದು (ಪ್ರಿಎಕ್ಲಾಂಪ್ಸಿಯಾ), ದಿನ ತುಂಬೋ ಮುಂಚೆ ಹೆರಿಗೆ ಆಗೋದು ಕೂಡ ಹೆಚ್ಚು. ತಲೆ ಸಿಡಿಯೋದು, ಕಣ್ಣು ಮಂಜು, ಪಕ್ಕೆ ಕೆಳಗೆ ಹೊಟ್ಟೆ ನೋವು, ಮಗು ಒದೆಯೋದು ಕಮ್ಮಿ, ಯಾವುದಾದ್ರೂ ಒಂದಿದ್ರೂ 108. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೇನ್ ಸೇರಿರೋ ಕಾಂಬಿಫ್ಲಾಮ್ ಬೇಡ. ಮೆಡಿಕಲ್ ಶಾಪಲ್ಲಿ ಮೊಲ್ನುಪಿರಾವಿರ್ ಅಂತ ಕೊರೊನಾ ಮಾತ್ರೆ ಕೊಟ್ರೂ ತಗೋಬೇಡಿ, ಬಸುರಿಯರಿಗೆ ಅದು ಕೊಡೋ ಹಾಗಿಲ್ಲ.

ಹಳ್ಳಿ_ಮದ್ದು:
ಅಮೃತಬಳ್ಳಿ ಕಷಾಯ ಮೂರು ದಿನ ಕೊಡಿ, ಆಸ್ಪತ್ರೆಗೆ ಹೋದ್ರೇನೇ ಕಾಯಿಲೆ ಜಾಸ್ತಿ.

ನೈಟ್_ಡ್ಯೂಟಿ:
@ಹಳ್ಳಿ_ಮದ್ದು ಅಣ್ಣಾ ನಿಮಗೆ ಬೇಕಾದ್ರೆ ನೀವು ಕುಡೀರಿ. ಆ ಹುಡುಗಿಗೆ ಶುಗರ್ ಇದೆ, ಹೊಟ್ಟೇಲಿ ಮಗು ಇದೆ.

ಶಿರಾ_ಸೊಸೆ:
ನಂದೂ ಇದೇ ಕಥೆ, 2021ರ ಮೇ, ಎರಡನೇ ಅಲೆ, ತುಮಕೂರಲ್ಲಿ ಬೆಡ್ಡಿಗೆ ಅಲೀತಿದ್ವಿ. ಆಗ ಬಸುರಿಯರಿಗೆ ಲಸಿಕೆಯೂ ಇರ್ಲಿಲ್ಲ, ಜುಲೈನಲ್ಲಿ ತಾನೇ ಪರ್ಮಿಷನ್ ಕೊಟ್ಟಿದ್ದು. ನಂಗೆ 33 ವಾರ, ಶುಗರ್ ಇತ್ತು, ಆಕ್ಸಿಜನ್ ಇಟ್ಟು ಸ್ಟಿರಾಯ್ಡ್ ಶುರು ಮಾಡಿದ್ರು, ಶುಗರ್ 300 ದಾಟ್ತು, ಇನ್ಸುಲಿನ್ ಡೋಸ್ ಏರಿಸಿ ಎರಡೆರಡು ಗಂಟೆಗೆ ಬೆರಳು ಚುಚ್ಚೋರು. ರಕ್ತ ಹೆಪ್ಪುಗಟ್ಬಾರ್ದು ಅಂತ ಹೊಟ್ಟೆಗೆ ಇಂಜೆಕ್ಷನ್ ಬೇರೆ. ಎಡಗಡೆ ಮಗ್ಗುಲಲ್ಲೇ ಮಲಗಿಸ್ತಿದ್ರು. 35ನೇ ವಾರಕ್ಕೆ ಸಿಸೇರಿಯನ್. ಮಗೂಗೆ ಟೆಸ್ಟ್ ನೆಗೆಟಿವ್. ಹಾಲು ಕೊಡಬಹುದು, ಕೈ ತೊಳ್ದು ಮಾಸ್ಕ್ ಹಾಕ್ಕೊಂಡು ಅಂದ್ರು, ಅದೂ ಕೊಟ್ಟೆ, ಈಗ ಮನೆ ತುಂಬಾ ಓಡ್ತಾನೆ. ಬೇರೆ ನರ್ಸಿಂಗ್ ಹೋಮ್ ಹುಡುಕ್ತಾ ಕೂರ್ಬೇಡಿ, ಹೆರಿಗೆ ಡಾಕ್ಟರೂ ಫಿಸಿಶಿಯನ್ನೂ ಐಸಿಯೂ ಒಂದೇ ಕಡೆ ಇರೋ ಜಾಗಕ್ಕೆ ಹೋಗಿ, ತಾಯಿ ಕಾರ್ಡ್ ಮರೀಬೇಡಿ.

ಗೂಡು_ಮಾರ್ಕೆಟ್:
ಉಗುರಿಗೆ ಕೆಂಪು ಬಣ್ಣ ಇತ್ತು ಕಣ್ರೀ, ತೆಗ್ದು ನೋಡಿದ್ವಿ, ಮೂರು ಸಲನೂ 93. ಶುಗರ್ 286. ಅತ್ತೆ ನೋಡಿ ತಾವೇ ಫ್ರಿಜ್ಜಿಂದ ಇನ್ಸುಲಿನ್ ತಂದ್ಕೊಟ್ರು, ಫೋನಲ್ಲಿ ಡಾಕ್ಟರ್ ಹೇಳಿದಷ್ಟು ಹಾಕಿದ್ದೀವಿ. 108 ಬಂದಿದೆ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಗೆ ಹೊರಟಿದ್ದೀವಿ, ಭಾವ ಹಿಂದೆ ಬೈಕಲ್ಲಿ ಬರ್ತಿದ್ದಾರೆ. ಮಗು ಒದೀತಿದೆ ಅಂತಿದ್ದಾಳೆ ಅಕ್ಕ. ಅಲ್ಲಿ ಹೋಗಿ ಬರೀತೀನಿ.