ಮ್ಯೂನಿಕ್‌ನಿಂದ ಸಾಲ್ಸ್‌ಬರ್ಗ್: ಆಪ್‌ನಲ್ಲಿ ಬಯರ್ನ್ ಟಿಕೆಟ್ ಕಾಣಿಸ್ತಿಲ್ಲ, ಏನು ಮಾಡೋದು?

ಪ್ರಶ್ನೆ
ನಮಸ್ಕಾರ. ನಾವು ನಾಲ್ಕು ಜನ ಮ್ಯೂನಿಕ್‌ನಲ್ಲಿದ್ದೇವೆ, ಅಪ್ಪ ಅಮ್ಮನೂ ಜೊತೆಗಿದ್ದಾರೆ. ಬುಧವಾರ ಸಾಲ್ಸ್‌ಬರ್ಗ್ ನೋಡಿಕೊಂಡು ರಾತ್ರಿ ವಾಪಸ್ ಬರುವ ಯೋಚನೆ. ಎಲ್ಲರೂ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಲೋಕಲ್ ರೈಲುಗಳಲ್ಲಿ ಒಂದು ದಿನ ಓಡಾಡುವ ಟಿಕೆಟ್) ತಗೊಳ್ಳಿ ಅಂತಾರೆ. ಆದರೆ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆಪ್‌ನಲ್ಲಿ ಬೆಳಗ್ಗೆ 8 ಗಂಟೆ ಹಾಕಿದರೆ ಬರೀ ದುಬಾರಿ ಟಿಕೆಟ್‌ಗಳೇ ಬರುತ್ತಿವೆ. ಸ್ಟೇಷನ್ ಮಷೀನಿನಲ್ಲಿ ಸಿಗುತ್ತಾ? ಸೀಟ್ ನಂಬರ್ ಇರುತ್ತಾ? ಆಸ್ಟ್ರಿಯಾ ಬೇರೆ ದೇಶ ಅಲ್ವಾ, ಗಡಿಯಿಂದಾಚೆಗೆ ಇನ್ನೊಂದು ಟಿಕೆಟ್ ಬೇಕಾ?

ಉತ್ತರ 1
ಆಪ್ ಸರಿಯಾಗಿಯೇ ಇದೆ, ಸಮಯ ಬದಲಾಯಿಸಿ. ಸೋಮವಾರದಿಂದ ಶುಕ್ರವಾರದವರೆಗೆ ಬಯರ್ನ್ ಟಿಕೆಟ್ ಶುರುವಾಗುವುದೇ ಬೆಳಗ್ಗೆ 9ಕ್ಕೆ. ಮರುದಿನ ಬೆಳಗಿನ ಜಾವ 3ರವರೆಗೆ ನಡೆಯುತ್ತದೆ. ಶನಿವಾರ, ಭಾನುವಾರ, ಸರ್ಕಾರಿ ರಜೆಗಳಲ್ಲಿ ಮಾತ್ರ ಮಧ್ಯರಾತ್ರಿಯಿಂದಲೇ ಓಡಾಡಬಹುದು.

ಇನ್ನೊಂದು ಕಾರಣ ಗಾಡಿ. ಈ ಮಾರ್ಗದಲ್ಲಿ ರೈಲ್‌ಜೆಟ್, ಇಸಿ (ಯೂರೋಸಿಟಿ) ಎಂಬ ದೂರದ ವೇಗದ ಗಾಡಿಗಳೂ ಓಡುತ್ತವೆ. ಬೇಗ ತಲುಪುವುದರಿಂದ ಆಪ್ ಅವನ್ನೇ ಮುಂದೆ ತೋರಿಸುತ್ತದೆ. ಅವುಗಳಲ್ಲಿ ಈ ಟಿಕೆಟ್ ನಡೆಯುವುದಿಲ್ಲ. ಸುಮ್ನೆ ಹತ್ತಿ ಕೂತರೆ ಕನಿಷ್ಠ 60 ಯೂರೋ ದಂಡ ಬೀಳಬಹುದು, ಅದೂ ತಲೆಗೆ ಇಷ್ಟು ಅಂತ. ಆಪ್‌ನಲ್ಲಿ ಲೋಕಲ್ ಗಾಡಿ ಮಾತ್ರ ತೋರಿಸುವ ಫಿಲ್ಟರ್ ಇದೆ, ಅದನ್ನು ಹಾಕಿ. ನಿಮಗೆ ಬೇಕಾದದ್ದು ಬಿಆರ್‌ಬಿ ಎಂಬ ಕಂಪನಿ ಓಡಿಸುವ ಆರ್‌ಇ 5 ಅನ್ನುವ ಲೋಕಲ್ ಗಾಡಿ. ಸುಮಾರು ಎರಡು ಗಂಟೆ ಪ್ರಯಾಣ.

ಸೀಟ್ ನಂಬರ್ ಇಲ್ಲ, ಖಾಲಿ ಇದ್ದಲ್ಲಿ ಕೂರುವುದು. ಸಾಲ್ಸ್‌ಬರ್ಗ್ ಮುಖ್ಯ ನಿಲ್ದಾಣದವರೆಗೂ ಇದೇ ಟಿಕೆಟ್ ಸಾಕು. ಆದರೆ ಊರೊಳಗಿನ ಸಿಟಿ ಬಸ್ಸಿಗೆ ಬೇರೆ ತಗೊಳ್ಳಬೇಕು.

ಉತ್ತರ 2
ಮಷೀನಿನಲ್ಲೂ ಸಿಗುತ್ತದೆ. ಎಷ್ಟು ಜನ ಅಂತ ಮೊದಲೇ ಒತ್ತಬೇಕು, ಐದು ಜನರವರೆಗೆ ಆಗುತ್ತದೆ. ಮೊದಲನೆಯವರಿಗೆ ಒಂದು ದರ, ಆಮೇಲೆ ಪ್ರತಿಯೊಬ್ಬರಿಗೂ ಸ್ವಲ್ಪ ಸ್ವಲ್ಪ ಸೇರುತ್ತದೆ. ಟಿಕೆಟ್ ಮೇಲೆ ಹೆಸರು ಬರೆಯಲು ಖಾಲಿ ಗೆರೆಗಳಿರುತ್ತವೆ. ಹತ್ತುವ ಮೊದಲೇ ನಾಲ್ಕೂ ಜನರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಪೆನ್ನಿನಲ್ಲಿ ಬರೆದುಬಿಡಿ. ಇನಿಷಿಯಲ್ ಗಮನಿಸಿ, ನಮ್ಮ ಕಡೆಯವರಿಗೆ ಅದೇ ಗೊಂದಲ.

ಪಾಸ್‌ಪೋರ್ಟ್ ಮೂಲ ಪ್ರತಿಯೇ ಇರಲಿ. ವಾಪಸ್ ಬರುವಾಗ ಗಡಿ ಪಕ್ಕದ ಜರ್ಮನ್ ಊರು ಫ್ರೈಲಾಸಿಂಗ್ ಸುತ್ತಮುತ್ತ ಜರ್ಮನ್ ಪೊಲೀಸರು ಗಾಡಿಯೊಳಗೆ ಬಂದು ಕೇಳುವುದುಂಟು. ಎರಡೂ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳು, ಸಿಂಗಲ್ ಎಂಟ್ರಿ ವೀಸಾ ಇದ್ದರೂ ತೊಂದರೆ ಇಲ್ಲ.

ಹಿಂದಿನ ರಾತ್ರಿ ಇನ್ನೊಮ್ಮೆ ಆಪ್ ನೋಡಿ. ಹಳಿ ಕೆಲಸ ನಡೆಯುತ್ತಿದ್ದರೆ ಸ್ವಲ್ಪ ದೂರ ಬದಲಿ ಬಸ್ ಬಿಟ್ಟಿರುತ್ತಾರೆ. ಅದರಲ್ಲೂ ಇದೇ ಟಿಕೆಟ್ ನಡೆಯುತ್ತದೆ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಈಗ ಆರ್‌ಇ 5 ಕಾಣಿಸಿತು. ಮುಖ್ಯ ನಿಲ್ದಾಣದಿಂದ 9ಕ್ಕೆ ಸ್ವಲ್ಪ ಮುಂಚೆ ಒಂದಿದೆ. ಅದನ್ನು ಹಿಡಿಯುವ ದಾರಿ ಇದೆಯಾ? ಮತ್ತೆ, ಅಪ್ಪ ಅಮ್ಮ ಸಂಜೆ ಬೇಗ ವಾಪಸ್ ಹೊರಟರೆ?

ಉತ್ತರ 1
ಅದು ಮ್ಯೂನಿಕ್ ಓಸ್ಟ್ (ಪೂರ್ವ) ನಿಲ್ದಾಣದಲ್ಲೂ ನಿಲ್ಲುತ್ತದಾ, ಎಷ್ಟು ಗಂಟೆಗೆ ಅಂತ ನೋಡಿ. ಅಲ್ಲಿಂದ ಹೊರಡುವಾಗ 9 ದಾಟಿದ್ದರೆ, ಓಸ್ಟ್‌ವರೆಗೆ ಊರಿನ ಮಾಮೂಲಿ ಟಿಕೆಟಲ್ಲಿ ಎಸ್-ಬಾನ್ (ಊರಿನ ಲೋಕಲ್ ರೈಲು) ಹಿಡಿದು ಹೋಗಿ ಅಲ್ಲಿ ಹತ್ತಿ. ಆ ಚಿಕ್ಕ ಟಿಕೆಟ್ ಮೇಲೆ 'ಬಿಟ್ಟೆ ಎಂಟ್ವೆರ್ಟನ್' (ದಯವಿಟ್ಟು ಮುದ್ರೆ ಒತ್ತಿಸಿ) ಅಂತ ಇದ್ದರೆ ನೀಲಿ ಡಬ್ಬಿಯಲ್ಲಿ ತೂರಿಸಿ ಮುದ್ರೆ ಒತ್ತಿಸಿ. ಬಯರ್ನ್ ಟಿಕೆಟ್ ಮೇಲೆ ತಾರೀಕು ಅಚ್ಚಾಗಿಯೇ ಬರುತ್ತದೆ, ಅದಕ್ಕೆ ಮುದ್ರೆ ಬೇಡ.

ಅಪ್ಪ ಅಮ್ಮ ಬೇರೆ ಹೊರಡುವ ಸಾಧ್ಯತೆ ಇದ್ದರೆ ಇಬ್ಬಿಬ್ಬರ ಎರಡು ಟಿಕೆಟ್ ತಗೊಳ್ಳಿ. ನಾಲ್ವರ ಟಿಕೆಟನ್ನು ಎರಡು ಗಾಡಿಗಳಲ್ಲಿ ತೋರಿಸಲು ಆಗುವುದಿಲ್ಲ. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ವಯಸ್ಸಾದವರಿಗೆ ಸುಸ್ತಾದಾಗ ನಿಮಗಾಗಿ ಕಾಯುವ ಪಾಡು ಇರುವುದಿಲ್ಲ. ನನ್ನ ಕೇಳಿದರೆ ಹಾಗೇ ಮಾಡಿ.